ಚೇನೊ ಕಣಿವೆಯ ರೇಸ್ ಕಾರುಗಳ ಊರು

ಮಿಲಾನ್‌ನಲ್ಲಿ ಓದುತ್ತಿರುವ ಸೋದರಳಿಯ ಫೋನಿನಲ್ಲಿ ಕೇಳಿದ. "ಮಾವ, ನಾಲ್ಕು ದಿನ ರಜೆ ಇದೆ. ವೆನಿಸ್‌ಗೆ ಹೋಗೋಣ್ವಾ?" ನಾನು "ವರಾನೊ" ಅಂದೆ. ಅವನು ಆ ಹೆಸರನ್ನೇ ಕೇಳಿರಲಿಲ್ಲ. ಪೂರ್ತಿ ಹೆಸರು ವರಾನೊ ದೆ ಮೆಲೆಗಾರಿ. ಪಾರ್ಮಾದಿಂದ ಬೆಟ್ಟದ ಕಡೆ ಸುಮಾರು ಒಂದು ಗಂಟೆಯೊಳಗಿನ ದಾರಿ, ಚೇನೊ ಅನ್ನುವ ನದಿಯ ದಂಡೆಯ ಒಂದು ಸಣ್ಣ ಊರು.

ನಾನು 22 ವರ್ಷ ಶೀಟ್ ಮೆಟಲ್ ಕೆಲಸ ಮಾಡಿದವನು. ತಗಡು ಕತ್ತರಿಸೋದು, ಮಡಿಸೋದು, ರಿವೆಟ್ ಹೊಡೆಯೋದು ಇದೇ ನನ್ನ ಬದುಕು. ರೇಸ್ ನೋಡುವ ಹುಚ್ಚೂ ಇದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ಮೇ ತಿಂಗಳಲ್ಲಿ ನಡೆಯುವ 500 ಮೈಲಿ ಓಟದಲ್ಲಿ 33 ಕಾರು ಓಡುತ್ತವೆ. ತಂಡ ಬೇರೆ, ಬಣ್ಣ ಬೇರೆ, ಎಂಜಿನ್ ಹೋಂಡಾ ಇಲ್ಲವೇ ಷೆವ್ರೊಲೆ. ಆದರೆ ಚಾಲಕ ಕೂರುವ ಗೂಡು 33ಕ್ಕೆ 33 ಕಾರಲ್ಲೂ ಒಂದೇ ಕಂಪನಿಯದ್ದು. ಅದು ದಲ್ಲಾರ. ಫಾರ್ಮುಲಾ 2, ಫಾರ್ಮುಲಾ 3, ಜಪಾನಿನ ಸೂಪರ್ ಫಾರ್ಮುಲಾ, ಎಲ್ಲ ಕಡೆಯೂ ಅದೇ ಹೆಸರು. ಆದರೂ ಆ ಹೆಸರು ಯಾರ ಬಾಯಲ್ಲೂ ಬರೋದಿಲ್ಲ. ಗೆದ್ದವರು ಕಪ್ ಎತ್ತುವಾಗ ತಂಡದ ಹೆಸರು ಕೂಗುತ್ತಾರೆ, ಎಂಜಿನ್‌ನ ಹೆಸರು ಹೇಳುತ್ತಾರೆ. ಗೂಡು ಮಾಡಿದವರ ಊರು ಹೇಗಿದೆ ಅಂತ ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು.

ಮೊದಲ ದಿನ: ಮಂಜಿನಿಂದ ಬೆಟ್ಟಕ್ಕೆ

ಅಕ್ಟೋಬರ್ ಮೂರನೇ ವಾರ. ಮಿಲಾನ್‌ನಿಂದ ಪಾರ್ಮಾವರೆಗೆ ರೈಲು. ಪೊ ನದಿಯ ಬಯಲಿನ ತುಂಬ ಮಂಜು ಕೂತಿತ್ತು. ಕಿಟಕಿಯಾಚೆ ಒಮ್ಮೊಮ್ಮೆ ಒಂದು ಮರ, ಒಂದು ಮನೆಯ ಮೂಲೆ ಕಂಡು ಮಾಯವಾಗುತ್ತಿತ್ತು, ಅಷ್ಟೆ.

ಪಾರ್ಮಾದಲ್ಲಿ ಬಾಡಿಗೆಗೆ ಒಂದು ಸಣ್ಣ ಕಾರು ತೆಗೆದುಕೊಂಡೆವು. ಕಣಿವೆಗೆ ಬಸ್ಸೂ ಇದೆ, ಆದರೆ ಭಾನುವಾರ ನಂಬಿಕೊಂಡರೆ ಕಷ್ಟ. ಕಾರು ತೆಗೆದುಕೊಂಡರೆ ಒಂದು ವಿಷಯ ನೆನಪಿರಲಿ. ಹಳೇ ಊರಿನ ಬೀದಿಗಳಿಗೆ ಹೊರಗಿನವರ ಗಾಡಿ ನುಗ್ಗುವ ಹಾಗಿಲ್ಲ. ಝಡ್‌ಟಿಎಲ್ ಅನ್ನುವ ಬೋರ್ಡ್ ಕಂಡರೆ ಮೊದಲೇ ತಿರುಗಿಸಿಬಿಡಿ. ಅಲ್ಲಿ ಪೊಲೀಸರು ನಿಂತಿರೋದಿಲ್ಲ, ಕ್ಯಾಮೆರಾ ಇರುತ್ತದೆ. ದಂಡದ ಚೀಟಿ ಎಷ್ಟೋ ತಿಂಗಳಾದ ಮೇಲೆ ಮನೆ ಬಾಗಿಲಿಗೆ ಬರುತ್ತದೆ.

ಫೊರ್ನೊವೊ ತಲುಪುವ ಹೊತ್ತಿಗೆ ಮಂಜು ಹರಿಯಿತು. ಪರದೆ ಎಳೆದ ಹಾಗೆ ಒಮ್ಮೆಲೇ ಬಿಸಿಲು. ಅಲ್ಲಿ ತಾರೊ ನದಿಯ ಮೇಲೆ ಉದ್ದದ ಸೇತುವೆ. ನದಿಯ ಪಾತ್ರ ಅಗಲವೋ ಅಗಲ, ಆದರೆ ನೀರು ಮಾತ್ರ ಬಿಳೀ ಗುಂಡುಕಲ್ಲುಗಳ ನಡುವೆ ಮೂರು ನಾಲ್ಕು ಎಳೆಯಾಗಿ ಹರಿಯುತ್ತಿತ್ತು. ಅಲ್ಲಿಂದ ಚೇನೊ ನದಿ ಹಿಡಿದು ಮೇಲಕ್ಕೆ ಹೋಗಬೇಕು. ರಸ್ತೆ ನದಿಯ ಜೊತೆ ಜೊತೆಗೇ ಬಳುಕುತ್ತದೆ. ಒಂದು ಕಡೆ ಜೋಳ ಕೊಯ್ದ ಹೊಲ, ಇನ್ನೊಂದು ಕಡೆ ಹಳದಿಗೆ ತಿರುಗಿದ ಕಾಡು. ಎರಡು ಟ್ರ್ಯಾಕ್ಟರ್ ಹಿಂದೆ ಬಿದ್ದು ನಿಧಾನವಾಗಿ ಹೋದೆವು.

ವರಾನೊ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆಗೆ ಕಾಲು ಗಂಟೆ ಬಾಕಿ. ಉಳಿದುಕೊಂಡ ಕಡೆ ಅಡುಗೆಮನೆ ಮುಚ್ಚಿತ್ತು. ಈ ಕಡೆಯ ಊರುಗಳಲ್ಲಿ ಎರಡು, ಎರಡೂವರೆ ಆದ ಮೇಲೆ ಬಿಸಿ ಊಟ ಸಿಗೋದಿಲ್ಲ, ಮತ್ತೆ ಒಲೆ ಹಚ್ಚೋದು ಸಂಜೆ ಏಳೂವರೆಗೇ. ಮನೆಯೊಡತಿ, ಅರವತ್ತು ದಾಟಿದ ಹೆಂಗಸು, ನಮ್ಮ ಮುಖ ನೋಡಿ ಏನೂ ಕೇಳದೆ ಒಳಗೆ ಹೋದರು. ಒಂದು ಹಲಗೆಯ ಮೇಲೆ ರೊಟ್ಟಿ, ಮುರಿದ ಪಾರ್ಮೆಸಾನ್ ಚೀಸ್ ತುಂಡುಗಳು, ಎರಡು ಪಿಯರ್ ಹಣ್ಣು ತಂದಿಟ್ಟರು. ಚೀಸ್ ಕಚ್ಚಿದರೆ ನಡುವೆ ಸಕ್ಕರೆ ಹರಳಿನ ಹಾಗೆ ಏನೋ ಕಟಕ್ ಅನ್ನುತ್ತಿತ್ತು. ಚೆನ್ನಾಗಿ ಮಾಗಿದ ಚೀಸ್‌ನಲ್ಲಿ ಹಾಗೆ ಹರಳುಗಟ್ಟುತ್ತದಂತೆ.

ಸಂಜೆ ಸುಮ್ನೆ ಒಂದು ಸುತ್ತು ಹಾಕಿದೆವು. ಊರ ನಡುವೆ ಹಳೇ ಕೋಟೆ, ಕೆಳಗೆ ನದಿ. ಕಾರ್ಖಾನೆ ಕಟ್ಟಡಗಳು ಹತ್ತಿರದಲ್ಲೇ ಇವೆ. ಶಿಫ್ಟ್ ಮುಗಿಸಿ ಹೊರಟವರು ಒಬ್ಬೊಬ್ಬರೇ ಸೈಕಲ್, ಕಾರು ಹತ್ತಿ ಹೋಗುತ್ತಿದ್ದರು. ಒಬ್ಬ ಹುಡುಗ ಕೈಯಲ್ಲಿ ಊಟದ ಡಬ್ಬಿ ಹಿಡಿದು ನಡೆದು ಹೋಗುತ್ತಿದ್ದ. ನಾನು ನಿಂತು ಅವನನ್ನೇ ನೋಡಿದೆ. ಇವನ ಕೈ ದಾಟಿದ ಯಾವುದೋ ತುಂಡು ನಾಳೆ ಗಂಟೆಗೆ 370 ಕಿಲೋಮೀಟರ್ ವೇಗದಲ್ಲಿ ಓಡಬಹುದು, ಅಲ್ವಾ?

ಎರಡನೇ ದಿನ: ತಗಡಿನಿಂದ ಬಟ್ಟೆಗೆ

ಕಾರ್ಖಾನೆಯೊಳಗೆ ಸುಮ್ಮನೆ ನಡೆದು ಹೋಗೋಕೆ ಆಗೋದಿಲ್ಲ. ನಮ್ಮಂಥವರು ನೋಡಬಹುದಾದದ್ದು ಅಲ್ಲೇ ಇರುವ ದಲ್ಲಾರ ಅಕಾಡೆಮಿ. 2018ರಲ್ಲಿ ತೆರೆದದ್ದು. ಮುಂಚೆಯೇ ಬುಕ್ ಮಾಡಿಕೊಂಡು ಹೋಗುವುದು ಒಳ್ಳೆಯದು. ಅಳಿಯ ಮಿಲಾನ್‌ನಿಂದಲೇ ಮಾಡಿಸಿದ್ದ. ಬೆಳಿಗ್ಗೆ ಸಣ್ಣಗೆ ಮಳೆ ಹಿಡಿದಿತ್ತು. ಬಾಗಿದ ಗಾಜಿನ ಗೋಡೆಯ ಹಿಂದೆ ಒಂದು ಇಳಿಜಾರು ದಾರಿ ಮೇಲಕ್ಕೆ ಏರುತ್ತದೆ. ಆ ದಾರಿಯುದ್ದಕ್ಕೂ ಕಾರುಗಳು ನಿಂತಿವೆ. ಒಂದರ ಹಿಂದೆ ಒಂದು, ಒಬ್ಬ ಮನುಷ್ಯನ ಬದುಕು ಬಿಚ್ಚಿಟ್ಟ ಹಾಗೆ.

ಆ ಮನುಷ್ಯ ಜಾಂಪಾವ್ಲೊ ದಲ್ಲಾರ. ಹುಟ್ಟಿದ್ದು 1936ರ ನವೆಂಬರ್‌ನಲ್ಲಿ. ಮಿಲಾನ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ವಿಮಾನದ ಎಂಜಿನಿಯರಿಂಗ್ ಓದಿ, 1959ರಲ್ಲಿ ಫೆರಾರಿ ಸೇರಿದರು. ಆಮೇಲೆ ಮಸೆರಾಟಿ, ಆಮೇಲೆ ಹೊಸದಾಗಿ ಶುರುವಾದ ಲ್ಯಾಂಬೊರ್ಗಿನಿ. ಅಲ್ಲಿ ಮಾಡಿದ್ದೇ ಮಿಯುರ. ಆ ಕಾರಿನ ಮುಂದೆ ನಾನು ಬಹಳ ಹೊತ್ತು ನಿಂತೆ.

ಎಲ್ಲರೂ ಮಿಯುರದ ಮೈ ನೋಡುತ್ತಾರೆ. ನನಗೆ ಬೇಕಾದದ್ದು ಅದರ ಎಲುಬು. 1965ರ ನವೆಂಬರ್‌ನಲ್ಲಿ ಟುರಿನ್ ಪ್ರದರ್ಶನದಲ್ಲಿ ಇವರು ಮೈಯೇ ಇಲ್ಲದ ಬರೀ ಚಾಸಿಯನ್ನು ಇಟ್ಟರು. ಆಗ ದಲ್ಲಾರಗೆ 29 ಕೂಡ ತುಂಬಿರಲಿಲ್ಲ. ಉಕ್ಕಿನ ತೆಳು ತಗಡನ್ನು ಮಡಿಸಿ ಪೆಟ್ಟಿಗೆಯ ಹಾಗೆ ಮಾಡಿ ಬೆಸೆದಿದ್ದರು. ಅದರ ತುಂಬ ದುಂಡನೆಯ ತೂತುಗಳು. ತಗಡಿನ ಕೆಲಸ ಮಾಡಿದವರಿಗೆ ಅದರ ಅರ್ಥ ಗೊತ್ತು. ಒಂದು ಪೆಟ್ಟಿಗೆಯನ್ನು ಬಾಗಿಸಲು ಹೋದರೆ ಅದನ್ನು ತಡೆಯೋದು ಹೆಚ್ಚಾಗಿ ಅದರ ಮೂಲೆ, ಅಂಚು. ಗೋಡೆಯ ನಡುಭಾಗದ ಲೋಹ ಕಡಿಮೆ ದುಡಿಯುತ್ತದೆ. ದುಡಿಯದ ಲೋಹವನ್ನು ತೆಗೆದುಬಿಟ್ಟರೆ ತೂಕ ಇಳಿಯುತ್ತದೆ, ಬಲ ಅಷ್ಟಾಗಿ ಇಳಿಯೋದಿಲ್ಲ. ಆದರೆ ಯಾವ ಲೋಹ ದುಡಿಯುತ್ತಿದೆ, ಯಾವುದು ಸುಮ್ಮನೆ ಕೂತಿದೆ ಅಂತ ಗೊತ್ತಾಗಬೇಕಲ್ಲ, ಅಲ್ಲೇ ಇರೋದು ವಿದ್ಯೆ. ಹನ್ನೆರಡು ಸಿಲಿಂಡರ್‌ನ ಎಂಜಿನ್ ಅನ್ನು ಸೀಟಿನ ಹಿಂದೆ ಅಡ್ಡಕ್ಕೆ ಮಲಗಿಸಿದ್ದರು. ಉದ್ದಕ್ಕೆ ಇಟ್ಟಿದ್ದರೆ ಕಾರು ಲಾರಿಯಷ್ಟು ಉದ್ದ ಆಗುತ್ತಿತ್ತು. ಮನೆಯಲ್ಲಿ ಮಂಚ ಹಿಡಿಯದಿದ್ದರೆ ಅಡ್ಡ ತಿರುಗಿಸಿ ಹಾಕೋದಿಲ್ಲವೇ, ಹಾಗೆ.

ದಲ್ಲಾರಗೆ ಬೇಕಾಗಿದ್ದು ರೇಸ್. ಲ್ಯಾಂಬೊರ್ಗಿನಿ ಮಾಲೀಕರಿಗೆ ರೇಸ್ ಬೇಕಿರಲಿಲ್ಲ. ಹಾಗಾಗಿ ಬಿಟ್ಟು ದೆ ತೊಮಾಸೊ ಅನ್ನುವ ಕಾರು ಕಂಪನಿಗೆ ಹೋದರು. ಫ್ರ್ಯಾಂಕ್ ವಿಲಿಯಮ್ಸ್ ತಂಡಕ್ಕಾಗಿ 1970ರಲ್ಲಿ ಒಂದು ಫಾರ್ಮುಲಾ 1 ಕಾರು ಮಾಡಿದರು. ಅದೇ ವರ್ಷ ಜೂನ್‌ನಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಆ ಕಾರು ಓಡಿಸುತ್ತಿದ್ದ ಪಿಯರ್ಸ್ ಕರೇಜ್ ಅಪಘಾತದಲ್ಲಿ ಸತ್ತರು, ಕಾರು ಹೊತ್ತಿ ಉರಿದುಹೋಯಿತು. ತಾನು ಗೀಚಿದ ಗೆರೆಯೊಳಗೆ ಒಬ್ಬ ಮನುಷ್ಯ ಕೂತು ಹೋಗಿದ್ದಾನೆ, ವಾಪಸ್ ಬರಲಿಲ್ಲ. ಇಂಥದ್ದನ್ನು ಒಬ್ಬ ಎಂಜಿನಿಯರ್ ಹೇಗೆ ಹೊತ್ತು ನಡೆಯುತ್ತಾನೋ ಅಂತ ನನಗೆ ಯಾವತ್ತೂ ಅನ್ನಿಸುತ್ತದೆ.

1972ರಲ್ಲಿ ಅವರು ಊರಿಗೆ ವಾಪಸಾದರು. ಇದೇ ವರಾನೊಗೆ. ಮನೆಯ ಪಕ್ಕದ ಗ್ಯಾರೇಜಿನಲ್ಲಿ ಸ್ವಂತ ಕೆಲಸ ಶುರು. ಮೊದಲು ಸಣ್ಣ ಸ್ಪೋರ್ಟ್ಸ್ ಕಾರು, ಆಮೇಲೆ ಫಿಯೆಟ್ ಎಕ್ಸ್1/9 ಅನ್ನು ರೇಸ್‌ಗೆ ತಿದ್ದಿದ್ದು, ಲಾನ್ಚಿಯ ಕಂಪನಿಗೆ ದೂರದ ಓಟದ ಕಾರುಗಳು. ಅಂದರೆ ಬೇರೆಯವರ ಹೆಸರಿನ ಕೆಳಗೆ ಕೂತು ಮಾಡುವ ಕೆಲಸವೇ ಜಾಸ್ತಿ. 1980ರ ದಶಕದಲ್ಲೇ ಈ ಸಣ್ಣ ಊರಿನಲ್ಲಿ ಸ್ವಂತ ವಿಂಡ್ ಟನೆಲ್ ಕಟ್ಟಿಕೊಂಡರು. ಕಾರಿನ ಸಣ್ಣ ಮಾದರಿಯನ್ನು ಗಾಳಿಯಲ್ಲಿ ನಿಲ್ಲಿಸೋದು, ಅದರ ಕೆಳಗೆ ನೆಲವೇ ಪಟ್ಟಿಯ ಹಾಗೆ ಓಡೋದು. ನೆಲ ಯಾಕೆ ಓಡಬೇಕು? ರೇಸ್ ಕಾರನ್ನು ರಸ್ತೆಗೆ ಒತ್ತಿ ಹಿಡಿಯುವ ಬಲದಲ್ಲಿ ದೊಡ್ಡ ಪಾಲು ಹುಟ್ಟೋದು ಕಾರಿನ ಹೊಟ್ಟೆಯ ಕೆಳಗೆ. ನೆಲ ನಿಂತಿದ್ದರೆ ಅಲ್ಲಿನ ಗಾಳಿ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ.

ಆ ದುಡಿಮೆಯ ಫಲ 1993ರ ಫಾರ್ಮುಲಾ 3 ಕಾರಿನಲ್ಲಿ ಕಾಣಿಸಿತು, ಎಫ್393. ಅದುವರೆಗೆ ಬ್ರಿಟನ್ನಿನ ರಾಲ್ಟ್, ರೆನಾರ್ಡ್ ಕಾರುಗಳದ್ದೇ ಜೋರು. ಈ ಕಾರು ಬಂದ ಮೇಲೆ ಬ್ರಿಟನ್ನಿನ ತಂಡಗಳೇ ವರಾನೊಗೆ ಆರ್ಡರ್ ಕೊಟ್ಟವು. ಮುಂದೆ ವರ್ಷಗಟ್ಟಲೆ ಫಾರ್ಮುಲಾ 3 ಅಂದರೆ ಇದೇ ಕಾರು. ಫಾರ್ಮುಲಾ 1ರಲ್ಲಿ ಸ್ಕುದೇರಿಯ ಇತಾಲಿಯ ತಂಡಕ್ಕೆ ಚಾಸಿ ಮಾಡಿದ್ದೂ ಉಂಟು. 1991ರಲ್ಲಿ ಇಮೊಲಾದಲ್ಲಿ ಜೆ.ಜೆ. ಲೆಹ್ಟೊ ಅದರಲ್ಲಿ ಮೂರನೇ ಸ್ಥಾನ ಪಡೆದರು. 1997ರಲ್ಲಿ ಅಮೆರಿಕ. ಮರುವರ್ಷವೇ ಎಡ್ಡಿ ಚೀವರ್ ದಲ್ಲಾರದಲ್ಲಿ ಇಂಡಿ 500 ಗೆದ್ದರು.

ಇಳಿಜಾರಿನ ಮೇಲ್ಗಡೆ ಇಂಡಿ ಕಾರಿನ ಹತ್ತಿರ ಕೆಲವು ವಿದ್ಯಾರ್ಥಿಗಳು ಬಗ್ಗಿ ನೋಡುತ್ತಿದ್ದರು. ಇಲ್ಲಿ ರೇಸ್ ಕಾರ್ ಡಿಸೈನ್‌ನ ಸ್ನಾತಕೋತ್ತರ ತರಗತಿಗಳೂ ನಡೆಯುತ್ತವೆ. ಅಳಿಯ ಅವರ ಜೊತೆ ಮಾತಿಗೆ ಇಳಿದ. 2012ರಲ್ಲಿ ಬಂದ ಕಾರಿಗೆ ಡಿಡಬ್ಲ್ಯೂ12 ಅಂತ ಹೆಸರು. ಡ್ಯಾನ್ ವೆಲ್ಡನ್ ಹೆಸರಿನ ಮೊದಲ ಅಕ್ಷರಗಳು. ಅದನ್ನು ಮೊದಲು ಓಡಿಸಿ ತಿದ್ದಿಸಿದವರು ಅವರೇ. 2011ರ ಮೇ ತಿಂಗಳಲ್ಲಿ ಇಂಡಿ 500 ಗೆದ್ದಿದ್ದರು. ಅದೇ ವರ್ಷ ಅಕ್ಟೋಬರ್ 16ರಂದು ಲಾಸ್ ವೇಗಸ್‌ನಲ್ಲಿ ಹಳೇ ಮಾದರಿಯ ಕಾರಿನಲ್ಲಿ ಸತ್ತರು. ಒಬ್ಬರ ಚಕ್ರ ಇನ್ನೊಬ್ಬರ ಚಕ್ರದ ಮೇಲೆ ಹತ್ತಿದರೆ ಕಾರು ಗಾಳಿಗೆ ಹಾರುತ್ತದೆ. ಹೊಸ ಕಾರಿನಲ್ಲಿ ಹಿಂದಿನ ಚಕ್ರಗಳ ಹಿಂದೆ ಅದಕ್ಕೇ ಒಂದು ತಡೆ ಕೊಟ್ಟಿದ್ದರು. ವಿದ್ಯಾರ್ಥಿಗಳಲ್ಲಿ ಒಬ್ಬಳು ಅದನ್ನು ತನ್ನ ಎರಡು ಮುಷ್ಟಿ ಒಂದರ ಮೇಲೊಂದು ಉರುಳಿಸಿ ತೋರಿಸಿದಳು.

ಸಂಜೆ ಮನೆಗೆ ಬಂದಾಗ ಮೈ ನೆನೆದಿತ್ತು. ಊಟಕ್ಕೆ ಮೊದಲು ತೊರ್ತಾ ಫ್ರಿತ್ತಾ ಬಂತು. ಚೌಕಾಕಾರದ, ಉಬ್ಬಿದ, ಬಿಸಿ ಬಿಸಿ ಹಿಟ್ಟಿನ ತಿಂಡಿ. ನೋಡಿದರೆ ನಮ್ಮ ಪೂರಿಯೇ. ಅಳಿಯ ಮಾಂಸ ತಿನ್ನೋದಿಲ್ಲ. ಖುಷಿಯಿಂದ ಕೈ ಹಾಕಿದವನು ಕೊನೆ ಗಳಿಗೆಯಲ್ಲಿ ಯಾವುದರಲ್ಲಿ ಕರಿದಿದ್ದು ಅಂತ ಕೇಳಿದ. ಹಂದಿ ಕೊಬ್ಬಿನಲ್ಲಿ. ಕೆಳಗಿಟ್ಟ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಮನೆಯೊಡತಿ ಅವನಿಗಾಗಿ ತೊರ್ತೆಲ್ಲಿ ಮಾಡುತ್ತೇನೆ ಅಂದರು, ಒಳಗೆ ರಿಕೊಟ್ಟ ಅನ್ನುವ ಮೆತ್ತನೆಯ ಚೀಸ್ ಮತ್ತು ಸೊಪ್ಪು. ನಾವು ಅಡುಗೆಮನೆಯ ಮೇಜಿಗೇ ಹೋಗಿ ಕೂತೆವು.

ನಾವು ಯಾಕೆ ಬಂದಿದ್ದೇವೆ ಅಂತ ಕೇಳಿದರು. ಹೇಳಿದೆವು. ಅವರು ಹಿಟ್ಟಿನ ಕೈ ಒರೆಸಿಕೊಂಡು ನಕ್ಕರು. ಈ ಕಣಿವೆಯ ಒಂದು ವರ್ಕ್‌ಶಾಪ್‌ನಲ್ಲಿ ಅವರೂ ಬಹಳ ವರ್ಷ ಕಾರ್ಬನ್ ಹಾಸುವ ಕೆಲಸ ಮಾಡಿದ್ದರಂತೆ. ಅಳಿಯ ಮಾತು ದಾಟಿಸುತ್ತಾ ಹೋದ, ಆದರೆ ಅರ್ಧಕ್ಕರ್ಧ ಅವರ ಕೈ ನೋಡಿಯೇ ನನಗೆ ತಿಳಿಯಿತು.

ಈಗಿನ ರೇಸ್ ಕಾರಿನ ಗೂಡು ತಗಡಿನದ್ದಲ್ಲ, ಕಾರ್ಬನ್ ನಾರಿನ ಬಟ್ಟೆಯದು. ಆ ಬಟ್ಟೆಗೆ ಮೊದಲೇ ರೆಸಿನ್ ಅನ್ನುವ ಅಂಟು ಕುಡಿಸಿರುತ್ತಾರೆ. ಫ್ರೀಜರ್‌ನಲ್ಲಿ ಇಡಬೇಕು, ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಹೊರಗೆ ತೆಗೆದ ಕ್ಷಣದಿಂದ ಗಡಿಯಾರ ಓಡೋಕೆ ಶುರು, ಬಟ್ಟೆ ಹಳತಾಗುತ್ತಾ ಹೋಗುತ್ತದೆ. ಹಿಟ್ಟು ಒಣಗುವ ಹಾಗೆ ಅಂದರು. ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಬೇಕು. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಓರೆಯಾಗಿ, 45 ಡಿಗ್ರಿಗೆ. ಎಳೆ ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೆ ಮಾತ್ರ ಅದಕ್ಕೆ ಶಕ್ತಿ. ಇದನ್ನು ಹೇಳುತ್ತಾ ಅವರು ಲಟ್ಟಿಸಿದ ಹಿಟ್ಟಿನ ಹಾಳೆಯೊಂದನ್ನು ಬಟ್ಟಲಿನ ಅಂಚಿನ ಮೇಲೆ ಹೊದಿಸಿದರು. ಮೂಲೆಯಲ್ಲಿ ಹಾಳೆ ಸುಕ್ಕಾಯಿತು. ಬೆರಳಿನಿಂದ ಒತ್ತಿ ತೋರಿಸಿದರು. ಇಲ್ಲಿ ಸುಕ್ಕು ಉಳಿದರೆ ಇಲ್ಲೇ ಒಡೆಯುತ್ತದೆ, ಮೂಲೆಗೆ ಮೊದಲೇ ಕತ್ತರಿ ಹಾಕಿಕೊಳ್ಳಬೇಕು.

ಆಮೇಲೆ ತೊರ್ತೆಲ್ಲಿ. ಹಾಳೆಯ ಮೇಲೆ ಸೊಪ್ಪಿನ ಹೂರಣ ಇಟ್ಟು, ಮಡಿಸಿ, ಹೂರಣದ ಸುತ್ತ ಬೆರಳಿನಿಂದ ಒತ್ತುತ್ತಾ ಗಾಳಿಯನ್ನು ಹೊರಗೆ ಓಡಿಸಿದರು. ನಮ್ಮ ಕಡೆ ಕಡುಬು ಮುಚ್ಚುವ ಹಾಗೆಯೇ. "ಗಾಳಿ ಉಳಿದರೆ ಕುದಿಯುವಾಗ ಒಡೆಯುತ್ತದೆ. ಕಾರ್ಬನ್ನೂ ಇಷ್ಟೇ." ಹಾಸಿದ ಪದರಗಳ ಮೇಲೆ ಚೀಲ ಕಟ್ಟಿ ಗಾಳಿ ಎಳೆದು, ಆಟೋಕ್ಲೇವ್ ಅನ್ನುವ ದೊಡ್ಡ ಒಲೆಯಲ್ಲಿ ಒತ್ತಡ ಕೊಟ್ಟು ಗಂಟೆಗಟ್ಟಲೆ ಬೇಯಿಸುತ್ತಾರೆ. ನಮ್ಮ ಪ್ರೆಶರ್ ಕುಕ್ಕರ್‌ನ ದೊಡ್ಡಣ್ಣ. ಗೂಡಿನ ಗೋಡೆಯಲ್ಲಿ ಎರಡು ಕಾರ್ಬನ್ ಪದರಗಳ ನಡುವೆ ಜೇನುಗೂಡಿನ ಹಾಗಿರುವ ಹಗುರ ತಿರುಳು. ನನ್ನ ತಗಡಿನ ಪೆಟ್ಟಿಗೆಯ ಲೆಕ್ಕವೇ ಅದು. ಬಲ ಹೊರಮೈಗೆ, ನಡುವೆ ತೂಕ ಬೇಡ.

ಆಮೇಲೆ ಅವರು ಕೈ ನಿಲ್ಲಿಸಿದರು. "ಬಹ್ರೇನ್ ನೋಡಿದ್ದಿರಾ?" ಅಂದರು.

ನೋಡಿದ್ದೆ. 2020ರ ನವೆಂಬರ್ 29. ಫಾರ್ಮುಲಾ 1 ಓಟದ ಮೊದಲ ಸುತ್ತು. ಹಾಸ್ ತಂಡದ ರೊಮೇನ್ ಗ್ರೋಜಾನ್. ಹಾಸ್ ಕಾರಿನ ಚಾಸಿ ಮಾಡೋದು ದಲ್ಲಾರ. ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ಕಬ್ಬಿಣದ ತಡೆಬೇಲಿಗೆ ನುಗ್ಗಿತು. ಹೊಡೆತ 67 ಜಿ, ಅಂದರೆ ಮೈತೂಕದ 67 ಪಟ್ಟು. ಎಂಜಿನ್ ಇದ್ದ ಹಿಂಭಾಗ ಕಿತ್ತು ಈಚೆಗೆ ಉಳಿಯಿತು. ಚಾಲಕನಿದ್ದ ಗೂಡು ಬೇಲಿಯನ್ನು ಸೀಳಿಕೊಂಡು ಆಚೆ ಹೋಯಿತು. ಬೆಂಕಿ ಎದ್ದಿತು.

"ಕೊರೊನಾ ಕಾಲ. ಎಲ್ಲರೂ ಮನೆಯಲ್ಲೇ ಇದ್ದೆವು. ಟಿವಿಯಲ್ಲಿ ಬರೀ ಬೆಂಕಿ. ನನ್ನ ಗಂಡ ಎದ್ದು ನಿಂತರು. ಯಾರೂ ಮಾತಾಡಲಿಲ್ಲ." ಅವರು ಮೇಜಿನ ಅಂಚು ಹಿಡಿದುಕೊಂಡರು. "ಆಮೇಲೆ ಅವನು ಹೊರಗೆ ಬಂದ."

ಅರ್ಧ ನಿಮಿಷದ ಹತ್ತಿರ ಆ ಬೆಂಕಿಯಲ್ಲಿದ್ದು, ಒಂದು ಕಾಲಿನ ಬೂಟು ಒಳಗೇ ಬಿಟ್ಟು, ಗ್ರೋಜಾನ್ ತಾನೇ ಎದ್ದು ಬಂದರು. ಕೈ ಸುಟ್ಟಿತ್ತು. ತಲೆಯ ಮೇಲಿನ ಹೇಲೊ ಅನ್ನುವ ಟೈಟಾನಿಯಂ ಕಮಾನು ಬೇಲಿಯನ್ನು ತಡೆದಿತ್ತು, ಗೂಡು ಒಡೆದಿರಲಿಲ್ಲ. ಗೂಡು ಒಡೆಯದ್ದರಿಂದಲೇ ಅವರು ಒಳಗೆ ಎದ್ದು ತಿರುಗಲು ಜಾಗ ಉಳಿಯಿತು. ಮುಂದಿನ ವರ್ಷ ಅವರು ಇಂಡಿ ಕಾರಿಗೆ ಹೋದರು. ಅಂದರೆ ಮತ್ತೆ ದಲ್ಲಾರದ ಗೂಡಿಗೇ.

ಆ ಕೆಲಸದಲ್ಲಿ ಈ ಅಮ್ಮನ ಕೈ ಇರಲಿಲ್ಲ. ಅದನ್ನು ಅವರೇ ಎರಡು ಸಲ ಹೇಳಿದರು. ಆದರೂ ಆ ಮೂಲೆಗಳನ್ನು ಯಾರು ಹೇಗೆ ಒತ್ತಿರುತ್ತಾರೆ ಅಂತ ನನ್ನ ಬೆರಳಿಗೆ ಗೊತ್ತು ಅಂದರು. ತೊರ್ತೆಲ್ಲಿ ಬಂತು. ಬೆಣ್ಣೆ, ಚೀಸ್ ಸುರಿದು. ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಉಂಡೆವು.

ಮೂರನೇ ದಿನ: ಪಂಚರ್, ವೇಲ್ಸ್ ಇಂಗ್ಲಿಷ್, ಫೆರಾರಿಯ ರಸ್ತೆ

ಮಳೆ ತೊಳೆದ ಬೆಳಗು. ಕಣಿವೆಯ ಮೇಲ್ತುದಿಯ ಬಾರ್ದಿಗೆ ಹೊರಟೆವು. ವಾರ್ಸಿ ದಾಟಿದ ಮೇಲೆ ರಸ್ತೆ ಕಿರಿದಾಯಿತು. ತಿರುವಿನಲ್ಲಿ ಚೆಸ್ಟ್‌ನಟ್ ಮುಳ್ಳುಕಾಯಿಗಳು ರಾಶಿ ಬಿದ್ದಿದ್ದವು. ಮಳೆಗೆ ಗುಡ್ಡದಿಂದ ಜಾರಿದ ಚೂಪುಗಲ್ಲುಗಳೂ ಇದ್ದವು. ಅದರಲ್ಲೊಂದು ನಮ್ಮ ಟೈರಿಗೆ. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ, ಒಂದು ಅಂಟಿನ ಡಬ್ಬಿ, ಒಂದು ಗಾಳಿ ಪಂಪ್ ಮಾತ್ರ. ಕೊಯ್ದ ಟೈರಿಗೆ ಅಂಟು ಎಲ್ಲಿ ನಿಲ್ಲುತ್ತದೆ? ಬೆಟ್ಟದ ಕಡೆ ಹೋಗುವವರು ಬಾಡಿಗೆ ಕಾರಿನ ಡಿಕ್ಕಿಯನ್ನು ಕೀ ತೆಗೆದುಕೊಳ್ಳುವಾಗಲೇ ತೆರೆದು ನೋಡಿ.

ಹತ್ತು ನಿಮಿಷದಲ್ಲಿ ಒಂದು ಹಳೇ ಫಿಯೆಟ್ ಪಾಂಡಾ ನಿಂತಿತು. ಎಂಬತ್ತರ ಹತ್ತಿರದ ಅಜ್ಜ. ಅಳಿಯ ಇಟಾಲಿಯನ್‌ನಲ್ಲಿ ಶುರು ಮಾಡಿದ, ಅವರು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರು. ಆ ಇಂಗ್ಲಿಷ್‌ಗೆ ಒಂದು ವಿಚಿತ್ರ ರಾಗ. "ನಾನು ವೇಲ್ಸ್‌ನಲ್ಲಿ ಬೆಳೆದವನು" ಅಂದರು. ಬಾರ್ದಿಯಿಂದ ಹೋದ ಕುಟುಂಬಗಳು ವೇಲ್ಸ್‌ನ ಕಲ್ಲಿದ್ದಲು ಗಣಿಯ ಊರುಗಳಲ್ಲಿ ಕಾಫಿ, ಐಸ್‌ಕ್ರೀಮ್ ಅಂಗಡಿ ಇಟ್ಟವು. ಅಲ್ಲಿನವರು ಆ ಅಂಗಡಿಗಳನ್ನು ಬ್ರಾಕಿ ಅಂತಲೇ ಕರೆಯುತ್ತಿದ್ದರು. 1940ರಲ್ಲಿ ಯುದ್ಧ ಬಂದಾಗ ಬ್ರಿಟನ್ ಇವರನ್ನು ಶತ್ರು ದೇಶದವರು ಅಂತ ಹಿಡಿದು ಅರಾಂಡೊರಾ ಸ್ಟಾರ್ ಹಡಗಿನಲ್ಲಿ ಕೆನಡಾಕ್ಕೆ ಕಳಿಸಿತು. ಜರ್ಮನ್ ಸಬ್‌ಮರೀನ್ ಅದನ್ನು ಮುಳುಗಿಸಿತು. ಬಾರ್ದಿಯ ಎಷ್ಟೋ ಮನೆಗಳಲ್ಲಿ ಗಂಡಸರು ಹೋದರು. ಸ್ಮಶಾನದಲ್ಲಿ ಅವರ ನೆನಪಿಗೆ ಚಿಕ್ಕ ಗುಡಿ ಇದೆ, ನೋಡಿ ಬನ್ನಿ ಅಂದರು. ಹೋಗಿ ಬಂದೆವು.

ಟೈರ್ ಅಂಗಡಿ ಮೂರು ಗಂಟೆಗೆ ತೆರೆಯುತ್ತದೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಕೋಟೆ ಹತ್ತಿದೆವು. ಕೆಂಪು ಬಂಡೆಯ ಮೇಲೆ ಕೂತ ಕೋಟೆ. ಮೇಲಿನಿಂದ ಚೇನೊ ಬೆಳ್ಳಿ ದಾರದ ಹಾಗೆ ಕಾಣುತ್ತಿತ್ತು. ಅಜ್ಜ ನಮ್ಮ ಜೊತೆಗೇ ಬಂದರು. ಕಣಿವೆ ಬಿಟ್ಟು ಹೋಗೋದೇ ಇಲ್ಲಿನ ಕಥೆ ಅಂತ ಕೈ ತೋರಿಸಿದರು. "ದಲ್ಲಾರ ಮೊದಲೇ ಬಂದಿದ್ದರೆ ನಮ್ಮಪ್ಪ ಐಸ್‌ಕ್ರೀಮ್ ಮಾರಲು ಅಷ್ಟು ದೂರ ಹೋಗುತ್ತಿರಲಿಲ್ಲವೇನೋ." ಅವರ ಮೊಮ್ಮಗಳು ಈಗ ಕಣಿವೆಯ ಕೆಳಗೆ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಮನೆಯಿಂದಲೇ ಹೋಗಿ ಬರುತ್ತಾಳೆ.

ಟೈರ್ ಹಾಕಿಸಿ, ಬೆಟ್ಟ ದಾಟಿ ಬೊರ್ಗೊತಾರೊಗೆ ಬಂದಾಗ ಸಂಜೆಯಾಗಿತ್ತು. ಅಲ್ಲಿನ ಅಣಬೆ ಹೆಸರುವಾಸಿ. ಅಂಗಡಿಯ ಮುಂದೆಯೇ ಆ ವಾಸನೆ. ಅಣಬೆ ಹಾಕಿದ ಪಾಸ್ತಾ ತಿಂದು ಬೆರ್ಚೆತೊ ಕಡೆಯಿಂದ ಹಳೇ ಚೀಸಾ ರಸ್ತೆ ಹಿಡಿದು ಇಳಿದೆವು. ಈ ದಾರಿಯನ್ನು ನಾನು ಬೇಕೆಂದೇ ಆರಿಸಿದ್ದೆ. 1919ರ ಅಕ್ಟೋಬರ್ 5ರಂದು ಪಾರ್ಮಾದಿಂದ ಪೊಜ್ಜೊ ದಿ ಬೆರ್ಚೆತೊವರೆಗಿನ ಬೆಟ್ಟದ ಓಟದಲ್ಲಿ 21 ವರ್ಷದ ಎನ್ಜೊ ಫೆರಾರಿ ಮೊದಲ ಸಲ ರೇಸ್ ಓಡಿಸಿದ್ದು ಇದೇ ರಸ್ತೆಯಲ್ಲಿ. ತನ್ನ ವರ್ಗದಲ್ಲಿ ನಾಲ್ಕನೆಯವನಾಗಿ ಬಂದ. ಫೊರ್ನೊವೊ ಹತ್ತಿರದ ಪಿಯಾಂಟೊನಿಯ ತಿರುವುಗಳನ್ನು ನಾವು ಕತ್ತಲಲ್ಲಿ ಎರಡನೇ ಗೇರಿನಲ್ಲಿ ಇಳಿದೆವು. ಅವರು ಇದನ್ನೇ ಮಣ್ಣಿನ ದಾರಿಯಲ್ಲಿ, ತೆಳ್ಳಗಿನ ಟೈರಿನಲ್ಲಿ ಏರಿದ್ದರು.

ನಾಲ್ಕನೇ ದಿನ: ಬೇಲಿಯ ಹತ್ತಿರ

ವರಾನೊದ ನದಿ ದಂಡೆಯಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಹೆಸರು ರಿಕಾರ್ಡೊ ಪಲೆತ್ತಿ. ಸಣ್ಣ ಟ್ರ್ಯಾಕ್. ಬೇಲಿಯ ಹತ್ತಿರ ನಿಂತರೆ ಕಾರಿನ ಗಾಳಿ ಪ್ಯಾಂಟಿಗೆ ಬಡಿಯುತ್ತದೆ. ಅವತ್ತು ಯಾರೋ ತಮ್ಮ ಸ್ವಂತ ಕಾರುಗಳನ್ನು ತಂದು ಸುತ್ತುತ್ತಿದ್ದರು. ನಡುವೆ ಒಂದು ಬಾಗಿಲಿಲ್ಲದ, ನೆಲಕ್ಕೆ ಅಂಟಿದಂಥ ಕಾರು ಬಂತು. ದಲ್ಲಾರ ಸ್ತ್ರದಾಲೆ. ತಮ್ಮ ಹೆಸರಿನಲ್ಲಿ ಈ ಕಂಪನಿ ರಸ್ತೆಗೆ ಬಿಟ್ಟ ಮೊದಲ ಕಾರು. ದಲ್ಲಾರ ಅವರಿಗೆ 81 ತುಂಬಿದ ದಿನ, 2017ರ ನವೆಂಬರ್ 16ರಂದು ಹೊರತಂದರು. ಒಣ ತೂಕ 855 ಕೆಜಿ, 400 ಕುದುರೆ ಶಕ್ತಿ, ರೆಕ್ಕೆ ಹಾಕಿದರೆ ವೇಗದಲ್ಲಿ 800 ಕೆಜಿಗೂ ಮೀರಿ ನೆಲಕ್ಕೆ ಒತ್ತುವ ಬಲ. ಹೆಚ್ಚುಕಡಿಮೆ ತನ್ನ ತೂಕದ ಇನ್ನೊಂದು ಕಾರು ಮೇಲೆ ಕೂತ ಹಾಗೆ. ಅದು ತಿರುವಿನಲ್ಲಿ ಒಂಚೂರೂ ವಾಲಲಿಲ್ಲ. ಅಷ್ಟು ವರ್ಷ ಬೇರೆಯವರ ಹೆಸರಿಗೆ ಕಾರು ಮಾಡಿ, ಎಂಬತ್ತು ದಾಟಿದ ಮೇಲೆ ತನ್ನ ಹೆಸರಿನ ಒಂದು ಕಾರು. ನನಗೆ ಗಂಟಲು ಕಟ್ಟಿತು.

ಟ್ರ್ಯಾಕಿಗೆ ಯಾರ ಹೆಸರಿಟ್ಟಿದ್ದಾರೋ ಆ ಪಲೆತ್ತಿ 1982ರ ಜೂನ್ 13ರಂದು ಮಾಂಟ್ರಿಯಲ್‌ನಲ್ಲಿ, ಓಟ ಶುರುವಾದ ಗಳಿಗೆಯಲ್ಲೇ, ಮುಂದೆ ನಿಂತುಹೋಗಿದ್ದ ಕಾರಿಗೆ ಹೊಡೆದು ಸತ್ತ ಹುಡುಗ. ಇನ್ನೆರಡು ದಿನ ಕಳೆದಿದ್ದರೆ 24 ತುಂಬುತ್ತಿತ್ತು. ಆಗ ಹೆಚ್ಚಿನ ಫಾರ್ಮುಲಾ 1 ಕಾರುಗಳ ಗೂಡು ಅಲ್ಯುಮಿನಿಯಂ ತಗಡಿನದು. ಮಡಿಸಿ, ಅಂಟಿಸಿ, ರಿವೆಟ್ ಹೊಡೆದದ್ದು. ಅಂದರೆ ನನ್ನ ಕಸುಬು. ನನಗೆ ತಗಡಿನ ಮೇಲೆ ಪ್ರೀತಿ ಇದೆ, ಅದು ಅನ್ನ ಕೊಟ್ಟಿದೆ. ಆದರೆ ಆ ಬೇಲಿಯ ಹತ್ತಿರ ನಿಂತಾಗ, ಆ ಜಾಗಕ್ಕೆ ಬಟ್ಟೆ ಬಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಮನಸಾರೆ ಅನ್ನಿಸಿತು.

ಹೊರಡುವ ಮೊದಲು ಊಟಕ್ಕೆ ಮನೆಗೆ ಬಂದೆವು. ಈ ಸಲ ಹನ್ನೆರಡೂವರೆಗೇ. ಮನೆಯೊಡತಿ ಹಿಟ್ಟಿನ ಹಾಳೆ ಲಟ್ಟಿಸಿ ಕಾಯುತ್ತಿದ್ದರು. ಒಂದು ಚಮಚ ನನ್ನ ಕಡೆ ತಳ್ಳಿದರು. ಹೂರಣ ಇಟ್ಟೆ, ಮಡಿಸಿದೆ. ಅವರು ನನ್ನ ಹೆಬ್ಬೆರಳು ಹಿಡಿದು, ಹೂರಣದ ಬುಡದಿಂದ ಹೊರಕ್ಕೆ, ನಿಧಾನ, ನಿಧಾನ ಅಂತ ಒತ್ತಿಸಿದರು. ಹನ್ನೆರಡು ತೊರ್ತೆಲ್ಲಿ ನಾನೇ ಮುಚ್ಚಿದೆ. ಕುದಿಯುವ ನೀರಿಗೆ ಹಾಕಿ, ಮೂವರೂ ಪಾತ್ರೆಯ ಮೇಲೆ ಬಗ್ಗಿ ನಿಂತೆವು. ಎರಡು ಒಡೆದು ಸೊಪ್ಪು ಹೊರಗೆ ಬಂತು. ಹತ್ತು ಹಾಗೇ ತೇಲಿ ಮೇಲೆ ಬಂದವು.